ಮಂಡಕ್ಕಿ ಸದ್ದಿಗೆ ಕಿವಿ ಕೊಟ್ಟೋರು

ವಿದ್ಯಾನಗರದಿಂದ ಕಾಲೇಜು ಮೇಷ್ಟ್ರೊಬ್ರು ಸ್ಕೂಟರ್ ಮ್ಯಾಲೆ ನಮ್ಮನಿಗೆ ಬಂದಿದ್ರು. ದಾವಣಗೆರೆ ಹಳೇ ಪ್ರೆಸ್ಸುಗಳ ಬಗ್ಗೆ ಒಂದು ಪುಸ್ತಕ ಮಾಡ್ತಾರಂತೆ. "ಮಂಡಿಪೇಟೆ ಪ್ರೆಸ್ ಬಗ್ಗೆ ನೀವೇ ಬರೀಬೇಕು ಅಜ್ಜಾರೆ. ಅಲ್ಲಿ ಇದ್ದೋರ ಪೈಕಿ ಉಳಿದಿರೋರು ನೀವೊಬ್ರೇ" ಅಂದ್ರು. ನೋಡ್ರಿ, ನಾನು ಜೀವನದಾಗೆ ಎಲ್ಲರನ್ನೂ ಗೆದ್ದಿದ್ದು ಹಿಂಗೇ. ಸಾಯ್ದೆ ಉಳ್ಕೊಂಡು.

ಬರೀತೀನಿ. ಆದ್ರೆ ಪ್ರೆಸ್ ಬಗ್ಗೆ ಅಲ್ಲ, ಪ್ರೆಸ್ಸಿನ ಯಜಮಾನ್ರ ಬಗ್ಗೆ. ಅವ್ರ ಹೆಸರು ಮಾತ್ರ ಹಾಕಲ್ಲ. ಅಷ್ಟು ಪುಸ್ತಕ ಅಚ್ಚು ಹಾಕಿದ ಮನುಷ್ಯ, ಒಂದರ ಮ್ಯಾಲೂ ತನ್ನ ಹೆಸರು ದೊಡ್ಡಕ್ಷರದಾಗೆ ಹಾಕಿಸ್ಕೊಂಡಿಲ್ಲ. ಈಗ ನಾನು ಹಾಕಿದ್ರೆ ಎದ್ದು ಬಂದು ಕೆಂಪು ಪೆನ್ಸಿಲ್‌ನಾಗೆ ಹೊಡೆದು ಹಾಕ್ತಾರೆ.

ನಾನು ಅಲ್ಲಿ ಕಂಪೋಸಿಟರು. ಐವತ್ತರ ದಶಕದ ಮಾತು. ಆಗ ಪುಸ್ತಕ ಅಂದ್ರೆ ಸೀಸದ ಅಕ್ಷರ ಒಂದೊಂದೇ ಆರಿಸಿ, ಸಾಲಿಗೆ ನಿಲ್ಲಿಸಿ, ಪುಟ ಅಂತ ದಾರದಾಗೆ ಕಟ್ಟಿ, ಮಸಿ ಬಳಿದು ಒತ್ತೋದು. ಆ ಅಕ್ಷರಕ್ಕೆ ಮೊಳೆ ಅಂತಿದ್ವಿ. ಒತ್ತಿದ ಮ್ಯಾಲೆ ಪುಟ ಬಿಚ್ಚಿ ಒಂದೊಂದು ಮೊಳೆನೂ ಅದರದರ ಗೂಡಿಗೆ ವಾಪಸ್ ಹಾಕ್ಬೇಕು, ಇಲ್ಲಾಂದ್ರೆ ಮುಂದಿನ ಪುಟಕ್ಕೆ ಅಕ್ಷರ ಸಾಲಲ್ಲ. ಬಿಚ್ಚಿದ್ರೆ ಮುಗೀತು, ಆ ಪುಟ ಅಲ್ಲಿತ್ತು ಅನ್ನೋಕೆ ಸೀಸಕ್ಕೆ ನೆನಪಿಲ್ಲ. ಈ ಕೆಲಸದಾಗೆ ನನ್ನಂಥೋನು ದಾವಣಗೆರೆನಾಗೆ ಹುಟ್ಟಿರಲಿಲ್ಲ. ಇದನ್ನ ಬ್ಯಾರೆ ಯಾರೂ ಹೇಳ್ತಿರಲಿಲ್ಲ, ಅದಕ್ಕೆ ನಾನೇ ಹೇಳ್ಬೇಕಾಗ್ತಿತ್ತು. ಮೊಳೆ ಮ್ಯಾಲೆ ಅಕ್ಷರ ತಿರುಗಿಸಿದಂಗೆ ಇರ್ತಾವಲ್ಲ, ನಂಗೆ ಅದನ್ನೇ ಓದಿ ಓದಿ, ನೆಟ್ಟಗಿರೋ ಪೇಪರ್ ಓದೋಕೆ ತಡಾ ಆಗ್ತಿತ್ತು.

ಯಜಮಾನ್ರು ಹರಿಹರದೋರು. ಬೆಳಿಗ್ಗೆ ರೈಲುಗಾಡಿಗೆ ಬರೋರು, ಸಂಜಿ ಗಾಡಿಗೆ ಹೋಗೋರು. ತೆಳ್ಳಗೆ ಉದ್ದಕಿದ್ರು, ಕಚ್ಚೆಪಂಚೆ ಮ್ಯಾಲೆ ಮಸಿ ಕಲೆ ಇಲ್ಲದ ದಿನ ನಾನು ನೋಡಿಲ್ಲ. ಬರೋವಾಗ್ಲೂ ಹೋಗೋವಾಗ್ಲೂ ಹೆಗಲ ಮ್ಯಾಲೆ ಒಂದು ಕಾಗದದ ಕಟ್ಟು. ಒತ್ತಿದ ದೊಡ್ಡ ಹಾಳೆ ಸಂಜಿಗೆ ಹರಿಹರಕ್ಕೆ ಹೋಗ್ತಿದ್ವು. ಪುಸ್ತಕದ ಅಳತೆಗೆ ಮಡಚ್ಕೊಂಡು ಬೆಳಿಗ್ಗೆ ವಾಪಸ್ ಬರ್ತಿದ್ವು. ಎಷ್ಟು ಚೊಕ್ಕ ಅಂದ್ರೆ, ಅಂಚಿಗೆ ಅಂಚು ಕೂದಲೆಳೆ ಆಚೀಚೆ ಇಲ್ಲ. "ಯಾರು ಮಡಚ್ತಾರೆ ಯಜಮಾನ್ರೆ?" ಅಂದ್ರೆ, "ಮನ್ಯಾಗೆ" ಅಂತಿದ್ರು. ಅಷ್ಟೇ. ಹೆಂಡ್ತಿನ ಹೆಂಡ್ತಿ ಅನ್ನೋ ಕಾಲ ಅಲ್ಲ ಅದು. ಆ ಅಮ್ಮನ್ನ ನಮ್ಮ ಪೈಕಿ ನೋಡಿದೋರು ಬುಡೇನ್ ಸಾಬ್ರೊಬ್ರೇ. ಸಾಬ್ರು ನಮ್ಮ ಬೈಂಡರು. ದೊಡ್ಡ ಪುಸ್ತಕ ಇದ್ದಾಗ ಹೊಲಿಗೆಗೆ ಅಂತ ಹರಿಹರಕ್ಕೇ ಹೋಗಿ ಕುಂಡ್ರೋರು.

ಯಜಮಾನ್ರದ್ದೊಂದು ಚಾಳಿ ಇತ್ತು. ಎದುರಿಗೆ ಯಾರಾದ್ರೂ ಮಾತಾಡಿದ್ರೆ ಅವ್ರ ಬಲಗೈ ಬೆರಳು ಗಾಳ್ಯಾಗೆ ಮೊಳೆ ಆರಿಸ್ತಿದ್ವು. ಆರಿಸಿ ಎಡಗೈಗೆ ಇಡೋದು, ಆರಿಸಿ ಇಡೋದು. ಹಾಲಿನೋನು ಬಂದು "ಎಮ್ಮಿ ಒದ್ದುಬಿಡ್ತು ಸಾಮಿ" ಅಂದ್ರೂ ಅದನ್ನ ಕಂಪೋಸ್ ಮಾಡಿಬಿಡೋರು. ಮಾತಾಡೋನು ಸುಳ್ಳು ಹೇಳಿದಾಗ ಮಾತ್ರ ಕೈ ನಿಲ್ತಿತ್ತು. ನನ್ನ ಎದುರಿಗೆ ಕುಂತಾಗ ಆ ಕೈಗೆ ಬಾಳ ವಿಶ್ರಾಂತಿ ಸಿಗ್ತಿತ್ತು.

ವಾರದಾಗೆ ಐದು ದಿನ ಲಗ್ನಪತ್ರಿಕೆ, ನಾಟಕದ ಕರಪತ್ರ, ಹತ್ತಿ ಮಂಡಿಯೋರ ರಸೀದಿ ಪುಸ್ತಕ. ಅದು ಹೊಟ್ಟಿಗೆ. ಆರನೇ ದಿನ ಕಥೆ, ಪದ್ಯ, ಆತ್ಮಕಥೆ. ಅದು ಯಾತಕ್ಕೆ ಅಂತ ನಾನು ಕೇಳಿದ್ದಕ್ಕೆ, "ಆ ಐದು ದಿನಕ್ಕೆ ಪ್ರಾಯಶ್ಚಿತ್ತ" ಅಂದಿದ್ರು. ಲಗ್ನಪತ್ರಿಕೆ ಕತ್ತರಿಸಿ ಉಳಿದ ಕಾಗದದ ಪಟ್ಟಿ ಒಂದನ್ನೂ ಬಿಸಾಕೋರಲ್ಲ. ಅದರಾಗೆ ಪದ್ಯ ಅಚ್ಚಾಗ್ತಿದ್ವು. ಕೆಲವು ಪುಟ ಗುಲಾಬಿ, ಕೆಲವು ಅರಿಶಿಣ, ಅಗಲ ನಾಲ್ಕೇ ಬೆರಳು. ಅವ್ರು ಹಾಕಿದ ಕವಿಗಳು ಯಾಕ ಅಷ್ಟು ಗಿಡ್ಡ ಸಾಲು ಬರೀತಿದ್ರು ಅಂತ ಆಮ್ಯಾಲೆ ಯಾರೋ ಪಂಡಿತ್ರು ಭಾರೀ ಚರ್ಚೆ ಮಾಡಿದ್ರು. ಕಾರಣ ನಂಗೆ ಗೊತ್ತು. ಆ ವರ್ಷ ಮದ್ವಿ ಬಾಳ ಇದ್ವು.

ಈಗ ಮಂಡಕ್ಕಿಗೆ ಬರ್ತೀನಿ.

ಯಾವ ಪುಸ್ತಕ ಅಚ್ಚು ಹಾಕ್ಬೇಕು, ಯಾವುದು ವಾಪಸ್ ಕಳಿಸ್ಬೇಕು ಅಂತ ಯಜಮಾನ್ರು ತೀರ್ಮಾನ ಮಾಡ್ತಿದ್ದ ರೀತಿ ಇಡೀ ಲೋಕದಾಗೆ ಬ್ಯಾರೆಲ್ಲೂ ಇರಲಿಲ್ಲ. ಶನಿವಾರ ಸಂಜಿ ಐದು ಗಂಟಿಗೆ ಮಷೀನು ನಿಲ್ಲಿಸಿ, ನೆಲದ ಮ್ಯಾಲೆ ಹಳೇ ಪೇಪರ್ ಹಾಸಿ, ನಡುವೆ ಒಂದು ಮೊರದಷ್ಟು ಖಾರ ಮಂಡಕ್ಕಿ ಸುರಿಯೋದು. ಪಕ್ಕದಾಗೆ ಬಿಸಿ ಬಿಸಿ ಮಿರ್ಚಿ. ಸುತ್ತ ನಾವು ಕುಂಡ್ರೋದು: ಬುಡೇನ್ ಸಾಬ್ರು, ಪದ್ಯ ಬರಿಯೋ ಹೈಸ್ಕೂಲ್ ಮೇಷ್ಟ್ರು, ಪತ್ತೇದಾರಿ ಕಾದಂಬರಿ ಬರಿಯೋ ಬಟ್ಟೆ ಗಿರಣಿ ಗುಮಾಸ್ತ್ರು, ದಾರ್ಯಾಗೆ ಸಿಕ್ಕ ಇನ್ನೊಬ್ರೋ ಇಬ್ರೋ. ಬಂದ ಹಸ್ತಪ್ರತಿನ ನಾನು ಓದ್ಬೇಕು. ಬರೆದೋರ ಹೆಸರು ಯಾರಿಗೂ ಹೇಳಂಗಿಲ್ಲ, ಅದು ಯಜಮಾನ್ರ ಜೇಬಿನಾಗೆ. ಅವ್ರು ಬಾಗಲ ಹತ್ರ ಕಾಗದದ ರಾಶಿ ಮ್ಯಾಲೆ ಕಣ್ಣು ಮುಚ್ಕೊಂಡು ಕುಂಡ್ರೋರು. ನಾನು ಓದೋದನ್ನ ಕೇಳ್ತಿರಲಿಲ್ಲ. ಮಂಡಕ್ಕಿ ಕರುಂ ಕರುಂ ಅನ್ನೋದನ್ನ ಕೇಳ್ತಿದ್ರು.

"ನೀವು ಹೊಗಳಿದ್ರೆ ನಂಬಲ್ಲ, ಬೈದ್ರೂ ನಂಬಲ್ಲ," ಅಂತಿದ್ರು. "ದಾವಣಗೆರೆಯೋನು ಕೈಯಾಗಿನ ಮಂಡಕ್ಕಿ ಬಾಯಿಗೆ ಹಾಕ್ಕೊಳ್ಳೋದು ಮರೆತ ಅಂದ್ರೆ, ಅದು ಪುಸ್ತಕ."

ಸದ್ದು ನಿಂತ್ರೆ ಅಚ್ಚಿಗೆ. ನಿಲ್ದಿದ್ರೆ ವಾಪಸ್. ಅದಕ್ಕೆ ಮೇಲ್ಮನವಿ ಇಲ್ಲ. ಒಂದ್ಸಲ ಹೊರಗಿನ ಊರಿಂದ ಶಾಲು ಹೊದ್ದ ಕವಿಗಳೊಬ್ರು ತಾವೇ ಬಂದು ಕುಂತು, ಹೆಸರೂ ತಾವೇ ಹೇಳಿ, ನನ್ನ ಕೈಯಿಂದ ಕಿತ್ಕೊಂಡು ತಾವೇ ಓದಿದ್ರು. ಒಂದು ತಾಸು. ಮೊರ ಖಾಲಿ ಆತು. ಯಜಮಾನ್ರು ಕಣ್ಣು ಬಿಟ್ಟು ಕೈ ಮುಗಿದು, "ಸ್ವಾಮಿ, ಪದ್ಯ ಚೆನ್ನಾಗೈತೆ. ಮಂಡಕ್ಕಿ ಇನ್ನೂ ಚೆನ್ನಾಗಿತ್ತು ಅಂತ ಕಾಣ್ತತೆ" ಅಂದ್ರು. ಅದೇ ತಿಂಗಳು ಹರಿಹರದ ರೈಲ್ವೆ ಗ್ಯಾಂಗಿನೋನೊಬ್ಬ ತನ್ನ ಆತ್ಮಕಥೆ ಬರೆದು ತಂದ. ಅರ್ಧ ಪೆನ್ಸಿಲ್ಲು, ಅರ್ಧ ಇದ್ದಿಲು. ಎರಡನೇ ಪುಟಕ್ಕೇ ಮಂಡಕ್ಕಿ ನಿಂತೋತು. ಮಿರ್ಚಿ ತಣ್ಣಗಾತು. ಗುಮಾಸ್ತ್ರು ಕೈ ಎತ್ತಿದೋರು ಹಂಗೇ ಎತ್ಕೊಂಡಿದ್ರು, ಕಾಗೆ ಓಡಿಸೋರಂಗೆ. ಅದು ನಮ್ಮ ಪ್ರೆಸ್ಸಿನ ಬಾಳ ಒಳ್ಳೇ ಪುಸ್ತಕ.

ಓದೋ ಕೆಲಸ ನಂಗೆ ಹೆಂಗೆ ಬಂತು ಅಂದ್ರೆ, ದಂಡವಾಗಿ ಬಂತು. ಮೊದ್ಲು ನಾನು ಎರಡು ವರ್ಷ ನಾಟಕ ಕಂಪನಿನಾಗೆ ಇದ್ದೆ. ರಾಣಿ ಪಾರ್ಟು, ದಾಸಿ ಪಾರ್ಟು, ಯಾರಾದ್ರೂ ಕಾಯಿಲೆ ಬಿದ್ರೆ ರಾಕ್ಷಸನ ಪಾರ್ಟು. ಊರಾಗಿರೋ ಯಾರ ದನಿ ಬೇಕಾದ್ರೂ ತೆಗೀತಿದ್ದೆ. ಕೈಬರಹನೂ ಅಷ್ಟೇ. ಒಂದು ಸಲ ಪದ್ಯದ ಮೇಷ್ಟ್ರಿಗೆ ಲೋಕಿಕೆರೆಯ ಒಬ್ಬ ಅಭಿಮಾನಿ ಹೆಣ್ಣುಮಗಳು ಬರೆದಂಗೆ ಕಾಗದ ಬರೆದೆ. "ನಿಮ್ಮ ಪದ್ಯ ಓದಿ ಮೂರು ದಿನದಿಂದ ಊಟ ಸೇರವಲ್ಲದು, ಭಾನುವಾರ ಕೆರಿ ಏರಿ ಮ್ಯಾಲೆ ಕಾದಿರ್ತೀನಿ" ಅಂತ. ಮೇಷ್ಟ್ರು ಶನಿವಾರನೇ ಕ್ಷೌರ ಮಾಡಿಸ್ಕೊಂಡು, ಇಸ್ತ್ರಿ ಅಂಗಿ ಹಾಕ್ಕೊಂಡು ಪ್ರೆಸ್ಸಿಗೆ ಬಂದು, ಲೋಕಿಕೆರೆ ದಾರಿ ಹೆಂಗೈತೆ ಅಂತ ಕೇಳಿದ್ರು. ಯಜಮಾನ್ರಿಗೆ ನನ್ನ ಮುಖ ನೋಡಿದ ಕೂಡ್ಲೇ ಗೊತ್ತಾತು. ತಲಿ ಮತ್ತೆ ಕೆಲಸಕ್ಕೆ ಬಗ್ಗಿಸಿದ್ರು. "ಸೈಕಲ್ಲಿನ ಹಿಂದಿನ ಗಾಲಿಗೆ ಗಾಳಿ ಹಾಕಿಸ್ಕೊಂಡು ಹೋಗ್ರಿ ಮೇಷ್ಟ್ರೆ," ಅಂದ್ರು, "ಬರೋವಾಗ ಭಾರ ಜಾಸ್ತಿ ಆಗಬಹುದು."

ಮೇಷ್ಟ್ರು ಬಿಸಿಲಾಗೆ ಸುಟ್ಕೊಂಡು ವಾಪಸ್ ಬಂದ್ರು. ಸೋಮವಾರ ಯಜಮಾನ್ರು ನನ್ನ ಕರೆದು, "ನಕ್ಕಿದ್ದು ಸಾಕು ತಮ್ಮಾ. ಈ ಶನಿವಾರ ಅವ್ರ ಪದ್ಯ ನೀನು ಓದು. ಅವ್ರು ಬರೆದಿದ್ದಕ್ಕಿಂತ ಚೆನ್ನಾಗಿ ಓದ್ಬೇಕು. ಅದು ನಿಂಗೆ ದಂಡ" ಅಂದ್ರು.

ಓದಿದೆ. ಎಂಥಾ ಓದು ಅಂತೀರಿ! ಮಾಮೂಲಿ ಪದ್ಯ. ನಾನು ಸಾಲು ಸಾಲಿಗೂ ಉಸಿರು ಹಿಡಿದು ಬಿಟ್ಟು, ಕೊನಿಗೆ ದನಿ ಎಳೆನೂಲಿನಂಗೆ ಇಳಿಸಿದೆ. ಮಂಡಕ್ಕಿ ನಿಂತೋತು! ಪದ್ಯ ಅಚ್ಚಾತು, ಗುಲಾಬಿ ಕಾಗದದ ಮ್ಯಾಲೆ. ಯಜಮಾನ್ರು ನನ್ನ ಹೆಗಲ ಮ್ಯಾಲೆ ಕೈಯಿಟ್ಟು, "ನಿನ್ನ ಬಾಯಾಗೆ ಬಾಳ ಜನದ ಹಣೆಬರ ಐತಪ್ಪ, ಜ್ವಾಕಿ" ಅಂದಿದ್ರು. ನಾನು ಅದನ್ನ ಬಿರುದು ಅಂದ್ಕೊಂಡೆ. ಊರ ತುಂಬ ಹೇಳ್ಕೊಂಡು ಅಡ್ಡಾಡಿದೆ.

ನಾನು ಸೇರಿದ ಮೂರನೇ ವರ್ಷ ಅವ್ರ ಮನ್ಯಾಗಿನ ಆ ಅಮ್ಮ ತೀರಿಕೊಂಡ್ರು. ಕೆಲವು ದಿನ ಪ್ರೆಸ್ ಬಾಗ್ಲು ಹಾಕಿತ್ತು. ಆಮ್ಯಾಲೆ ಒಂದಿನ ಮಾಮೂಲಿ ಗಾಡಿಗೆ ಬಂದ್ರು, ಹೆಗಲ ಮ್ಯಾಲೆ ಕಟ್ಟು ಇರಲಿಲ್ಲ. "ಇನ್ಮ್ಯಾಲೆ ಹಾಳೆ ಇಲ್ಲೇ ಮಡಚ್ರಿ" ಅಂದ್ರು. ಅಂಗಿ ತೋಳು ಮಡಚಿ ಕೆಲಸಕ್ಕೆ ಕುಂತ್ರು.  ನಾನು ಅವತ್ತು ಇಡೀ ದಿನ ಒಂದೂ ಕೀಟಲೆ ಮಾಡಲಿಲ್ಲ. ಅದೇ ನನ್ನ ಸಂತಾಪ.

ಅಲ್ಲಿಂದ ಒಂದು ವರ್ಷ ಆಗಿರಬೇಕು. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ನಿಂತ್ರೆ ಗೂಡುಗಳಾಗೆ ಮೊಳೆ ಕಮ್ಮಿ. ಅದರಾಗೂ 'ಳ' ಅರ್ಧಕ್ಕರ್ಧ ಇಲ್ಲ. ಭಾನುವಾರ ಪ್ರೆಸ್ಸಿಗೆ ರಜಾ, ಬೀಗದ ಕೈ ಯಜಮಾನ್ರ ಹತ್ರ ಮಾತ್ರ. ವಾರ ವಾರಕ್ಕೂ ಕಮ್ಮಿ ಆಗ್ತಾ ಹೋದ್ವು. ಇಲಿ ಸೀಸ ತಿನ್ನಲ್ಲ. ನನ್ನಂಥ ಕಳ್ಳನಿಗೆ ಇನ್ನೊಬ್ಬ ಕಳ್ಳನ ಹುಡುಕೋದು ಎಷ್ಟೊತ್ತಿನ ಕೆಲಸ? ಒಂದಿನ ಅವ್ರು ಕಾಗದ ತರೋಕೆ ಹೋದಾಗ ಹಿಂದಿನ ಕೋಣೆ ಜಾಲಾಡಿದೆ. ರದ್ದಿ ಕಟ್ಟಿನ ಹಿಂದೆ, ಹಳೇ ಸೀರೆ ತುಂಡು ಮುಚ್ಚಿ, ದಾರದಾಗೆ ಕಟ್ಟಿದ ಪುಟಗಳು ಸಾಲಾಗಿ ಕುಂತಿದ್ವು. ಹನ್ನೊಂದು ಪುಟ, ಎಲ್ಲಾ ಸೀಸದಾಗೆ. ಪಕ್ಕದಾಗೆ ಹಸ್ತಪ್ರತಿ ಇಲ್ಲ, ಚೀಟಿ ಇಲ್ಲ. ಕಾಗದದ ಮ್ಯಾಲೆ ಬರೀದೆ ನೇರ ತಲಿಯಿಂದ ಮೊಳೆಗೆ ಇಳಿಸಿದ್ರು.

'ಳ' ಯಾಕ ಖಾಲಿ ಆಗಿತ್ತು ಅಂತ ಮೊದಲ್ನೇ ಪುಟದಾಗೇ ಗೊತ್ತಾತು. ಎಲ್ಲಾ ಅವಳು. ಬಂದಳು, ಕುಳಿತಳು, ಕೇಳಿದಳು.

"ಅವಳ ಹೆಬ್ಬೆರಳಿನ ಉಗುರು ಸವೆದಿತ್ತು. ಮಡಚಿ ಮಡಚಿ ಸವೆದದ್ದು. ಸಂಜೆ ನಾನು ಬಂದ ಕೂಡಲೆ ಕಟ್ಟು ಬಿಚ್ಚಿ ಕೂರುತ್ತಿದ್ದಳು. ಇದರೊಳಗೆ ಏನಿದೆ ಎಂದು ಒಂದು ದಿನ ಕೇಳಿದಳು. ಕಥೆ ಎಂದೆ. ಯಾರದು ಎಂದಳು. ಒಬ್ಬ ರಾಣಿಯದು ಎಂದೆ. ಆ ರಾಣಿ ಏನಾದಳು ಎಂದಳು. ನಾಳೆ ಓದಿ ಹೇಳುತ್ತೇನೆ ಎಂದೆ."

ಹಂಗೇ ಮುಂದಕ್ಕೆ. ಆ ಅಮ್ಮನಿಗೆ ಓದೋಕೆ ಬರ್ತಿರಲಿಲ್ಲ. ಈ ಪ್ರೆಸ್ಸಿನ ಒಂದೊಂದು ಹಾಳೆನೂ ಆಕಿ ಕೈಯಾಗೆ ಮಡಚಿ ಬಂದಿದ್ದು. ಒಂದು ಕಥಿದೂ ಕೊನಿ ಆಕಿಗೆ ಗೊತ್ತಿರಲಿಲ್ಲ. ಪ್ರತಿ ಪುಸ್ತಕಕ್ಕೂ ಆಕಿ ಕೇಳಿದ್ಲು, ಪ್ರತಿ ಪುಸ್ತಕಕ್ಕೂ ಇವ್ರು ನಾಳೆ ಅಂದ್ರು. ಹನ್ನೊಂದನೇ ಪುಟ ಅರ್ಧಕ್ಕೆ ನಿಂತಿತ್ತು. ನಾನು ಆ ಸೀಸದ ಮುಂದೆ ಕುಕ್ಕುರುಗಾಲಿನಾಗೆ ಎಷ್ಟೊತ್ತು ಕುಂತಿದ್ನೋ ಗೊತ್ತಿಲ್ಲ. ಎದ್ದಾಗ ಕಾಲು ಜೋಮು ಹಿಡಿದಿತ್ತು, ಕಣ್ಣು ಒದ್ದೆ ಆಗಿದ್ವು. ಈ ಮಾತು ಇವತ್ತೇ ಹೇಳ್ತಿರೋದು.

ಅವಾಗ ನನ್ನ ತಲಿನಾಗೆ ಒಂದು ಹುಳ ಹೊಕ್ಕಿತು. ಇದನ್ನ ಶನಿವಾರ ಓದಿಬಿಡ್ಬೇಕು. ಹೆಸರು ಹೇಳಂಗಿಲ್ಲವಲ್ಲ, ನಿಯಮನೇ ಹಂಗೈತೆ. ಮಂಡಕ್ಕಿ ನಿಲ್ತತೆ. ಎಲ್ಲರೂ "ಯಾರ್ರಿ ಇದನ್ನ ಬರೆದಿದ್ದು?" ಅಂತಾರೆ. ಅವಾಗ ನಾನು ಎದ್ದು ನಿಂತು ಬಾಗಲ ಕಡೆ ಕೈ ತೋರಿಸ್ತೀನಿ. ಯಜಮಾನ್ರು ಸಿಕ್ಕಿಬಿದ್ದ ಕಳ್ಳನಂಗೆ ನಾಚ್ಕೋತಾರೆ. ಪುಸ್ತಕ ಅಚ್ಚಾಗ್ತತೆ. ನನ್ನ ಕೀಟಲೆಗಳಾಗೇ ಇದು ಕಳಸ ಅಂದ್ಕೊಂಡೆ. ಸೀಸ ನೋಡ್ಕೊಂಡು ಮೊದಲ ಮೂರು ಪುಟ ಕಾಗದಕ್ಕೆ ಇಳಿಸ್ಕೊಂಡೆ.

ಶನಿವಾರ ಬಂತು. ಮಂಡಕ್ಕಿ ಸುರಿದ್ರು. ಯಜಮಾನ್ರು ಬಾಗಲ ಹತ್ರ ಕಣ್ಣು ಮುಚ್ಕೊಂಡು ಕುಂತ್ರು.

"ಇದು ಟಪಾಲಿನಾಗೆ ಬಂದೈತೆ, ಹೆಸರಿಲ್ಲ" ಅಂದು ಶುರು ಮಾಡಿದೆ. ಮೊದಲ ಎರಡು ಸಾಲು ನೆಟ್ಟಗೇ ಓದಿದೆ. ಹೆಬ್ಬೆರಳು, ಉಗುರು, ಮಡಚಿ ಮಡಚಿ ಸವೆದದ್ದು.

ಪದ್ಯದ ಮೇಷ್ಟ್ರ ಬಾಯಿ ತುಂಬ ಮಿರ್ಚಿ. "ಏನು ಮಡಚ್ತಿದ್ಲೋ ಮಾರಾಯ, ಸೀರೆನೋ ಹೋಳಿಗೆನೋ?" ಅಂದ್ರು.

"ಗಂಡನ್ನ ಮಡಚ್ತಿದ್ಲು ಕಣ್ರಿ ಮೇಷ್ಟ್ರೆ, ಸೊಂಟಕ್ಕೆ ಸಿಗಿಸ್ಕೊಳ್ಳೋಕೆ" ಅಂದ್ರು ಗುಮಾಸ್ತ್ರು.

ಎಲ್ಲರೂ ಗೊಳ್ ಅಂದ್ರು.

ಇಲ್ಲಿ ನಾನು ನಿಲ್ಲಿಸ್ಬೇಕಿತ್ತು. "ಸುಮ್ನಿರ್ರಿ, ಕೇಳ್ರಿ" ಅಂದಿದ್ರೆ ಸಾಕಿತ್ತು, ನನ್ನ ಮಾತು ಕೇಳ್ತಿದ್ರು. ಆದ್ರೆ ನಗು ಬಂತಲ್ಲ. ನಗು ಬಂದ ಕಡಿಗೆ ನನ್ನ ನಾಲಿಗಿ ತಾನೇ ತಿರುಗ್ತತೆ, ಬೆಲ್ಲ ಕಂಡ ಇರುವೆ ಹಂಗೆ. ಮುಂದಿನ ಸಾಲಿಗೆ ನಂಗೇ ಗೊತ್ತಿಲ್ದಂಗೆ ನಾಟಕದ ರಾಣಿ ದನಿ ಬಂತು. "ಇದರೊಳಗೆ ಏನಿದೇಏಏ?" ಅಂತ ಕತ್ತು ಕೊಂಕಿಸಿದೆ. ಗುಮಾಸ್ತ್ರು ಹೊಟ್ಟಿ ಹಿಡ್ಕೊಂಡ್ರು. "ಕಥೆ!" ಅಂತ ರಾಕ್ಷಸನ ದನಿನಾಗೆ ಗುಡುಗಿದೆ. "ಆ ರಾಣಿ ಏನಾದಳೂಊಊ?" ಅಂತ ಸೆರಗು ಬಾಯಿಗೆ ಇಟ್ಕೊಂಡಂಗೆ ಮಾಡಿದೆ. ಮೇಷ್ಟ್ರು ನಗ್ತಾ ಮಂಡಕ್ಕಿ ಮ್ಯಾಲೇ ಉರುಳಿದ್ರು. ಪ್ರತಿ ಸಾಲಿಗೂ ಒಂದೊಂದು ದನಿ. ಮೂರು ಪುಟ. ನನ್ನ ಜೀವಮಾನದ ಒಳ್ಳೇ ಪಾರ್ಟು ಅದು. ಕಂಪನಿ ಮಾಲೀಕ ನೋಡಿದ್ರೆ ಕಾಲಿಗೆ ಬೀಳ್ತಿದ್ದ.

ಮುಗಿಸಿ ಉಸಿರು ಬಿಟ್ಟೆ. ಕರ್ ಕುರ್, ಕರ್ ಕುರ್ ಸದ್ದು ನಡೆದೇ ಇತ್ತು. ಬುಡೇನ್ ಸಾಬ್ರೊಬ್ರು ಮಾತ್ರ ಮುಷ್ಟಿನಾಗೆ ಮಂಡಕ್ಕಿ ಹಿಡ್ಕೊಂಡು ನನ್ನನ್ನೇ ನೋಡ್ತಿದ್ರು. ಅವ್ರ ಮುಖ ನೋಡಿದ ಮ್ಯಾಲೆ ನಂಗೆ ಬಾಗಲ ಕಡೆ ತಿರುಗೋಕೆ ಹೆದ್ರಿಕೆ ಆತು.

"ಏನಂತೀರಿ ಯಜಮಾನ್ರೆ, ಈ ರಾಣಿ ಕಥಿಗೆ?" ಅಂದ್ರು ಮೇಷ್ಟ್ರು, ಕಣ್ಣೊರೆಸ್ಕೊಳ್ತಾ.

ಯಜಮಾನ್ರು ಕಣ್ಣು ಬಿಟ್ಟಿದ್ರು. ಎರಡೂ ಕೈ ತೊಡಿ ಮ್ಯಾಲೆ ಸುಮ್ನೆ ಇದ್ವು. "ಮಂಡಕ್ಕಿ ನಿಲ್ಲಲಿಲ್ಲ. ವಾಪಸ್," ಅಂದ್ರು. ಎದ್ದು ಬಂದು ನನ್ನ ಮುಂದೆ ಕೈ ಚಾಚಿದ್ರು. "ಕೊಡಪ್ಪ. ಬರೆದೋರಿಗೆ ನಾನೇ ತಲುಪಿಸ್ತೀನಿ."

ಅವಾಗ್ಲಾದ್ರೂ ಹೇಳ್ಬೇಕಿತ್ತು.   ಹಾಳೆ ಕೊಟ್ಟೆ. ಅವ್ರು ಅದನ್ನ ಮಡಚಿ ಜೇಬಿಗೆ ಇಟ್ಕೊಂಡು, ಚತ್ರಿ ತಗೊಂಡು, ಸಂಜಿ ಗಾಡಿಗೆ ಹೋದ್ರು.

ಹೊರಗೆ ಜಗಲಿ ಮ್ಯಾಲೆ ಸಾಬ್ರು ನನ್ನ ರಟ್ಟಿ ಹಿಡಿದ್ರು. "ಅರೆ ಬದ್ಮಾಶ್, ಅದು ಯಜಮಾನ್ರ ಮನಿ ಅಕ್ಕಾರ ಉಗುರು ಕಣೋ. ನನ್ನ ಕಣ್ಣ ಮುಂದೇನೇ ಸವೆದಿದ್ದು. ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು" ಅಂದೆ.

ರಟ್ಟಿ ಬಿಟ್ರು. ಹೊಡೀತಾರೆ ಅಂದ್ಕೊಂಡೆ, ಹೊಡೀಲಿಲ್ಲ. "ಯಾರಿಗೂ ಹೇಳಬ್ಯಾಡ," ಅಂದ್ರು. "ಆ ಮನುಷ್ಯನ ಮರ್ಯಾದಿ ಉಳೀಲಿ."

ಭಾನುವಾರ ನಾನು ಪ್ರೆಸ್ ಮುಂದೆ ಮೂರು ಸಲ ಅಡ್ಡಾಡಿದೆ, ಒಳಗೆ ಹೋಗಲಿಲ್ಲ. ಸೋಮವಾರ ಹೊತ್ತಿಗೆ ಮುಂಚೆ ಹೋದೆ. ಬಾಗ್ಲು ತೆಗೆದಿತ್ತು. ಯಜಮಾನ್ರು ಅಂಗಿ ತೋಳು ಮಡಚ್ಕೊಂಡು ಗೂಡುಗಳ ಮುಂದೆ ನಿಂತು ಮೊಳೆ ಹಾಕ್ತಿದ್ರು. ಟಿಕ್, ಟಿಕ್, ಟಿಕ್. ಮೇಜಿನ ಮ್ಯಾಲೆ ಉಳಿದಿದ್ದು ಒಂದೂವರೆ ಪುಟ. ಹನ್ನೊಂದರಾಗೆ ಒಂದೂವರೆ.

ಓಡಿ ಹೋಗಿ ಅಡ್ಡ ನಿಂತೆ. "ಬ್ಯಾಡ್ರಿ ಯಜಮಾನ್ರೆ. ತಪ್ಪು ನಂದು. ನಾನು ಓದಿದ್ದು ಸರಿ ಇರಲಿಲ್ಲ. ಇನ್ನೊಂದ್ಸಲ ಓದ್ತೀನಿ, ನೆಟ್ಟಗೆ ಓದ್ತೀನಿ, ಮುಂದಿನ ಶನಿವಾರ..."

"ಒಂದು ಹಸ್ತಪ್ರತಿಗೆ ಒಂದೇ ಸಲ ಕಣಪ್ಪ. ಯಾರಿಗಾದ್ರೂ ಎರಡು ಸಲ ಓದೀವಾ?"

"ಹಂಗಾದ್ರೆ ನಾನು ಬಿಚ್ತೀನಿ, ಬಿಡ್ರಿ." ಯಾಕ ಹಂಗಂದೆ ಅಂದ್ರೆ, ನಾನು ಬಿಚ್ಚಿದ್ರೆ ಬಿಚ್ಚಿದಂಗೆ ಮಾಡಿ ಎಲ್ಲಾದ್ರೂ ಮುಚ್ಚಿಡಬಹುದು ಅಂತ.

ಅವ್ರು ನನ್ನ ಕಡೆ ನೋಡಿದ್ರು. ನನ್ನ ಹುನ್ನಾರ ಅವ್ರಿಗೆ ಯಾವತ್ತು ಗೊತ್ತಾಗಿಲ್ಲ? "ಜೋಡಿಸಿದೋರೇ ಬಿಚ್ಬೇಕು," ಅಂದು ದಾರ ಸೆಳೆದ್ರು. ಪುಟ ಸಡಿಲಾತು. ಎಲ್ಲಾ ಮುಗಿದ ಮ್ಯಾಲೆ ಕೈ ತೊಳೆದು, "'ಳ' ಸಾಕಷ್ಟು ಬಂದಾವು ನೋಡು, ಇನ್ನು ನಿಂಗೆ ತೊಂದ್ರೆ ಇಲ್ಲ" ಅಂದ್ರು. ವ್ಯಂಗ್ಯ ಅಲ್ಲ. ಕೆಲಸದ ಮಾತು. ಆ ಮೊಳೆನಾಗೇ ಅವತ್ತು ಮಧ್ಯಾಹ್ನ ನಾನು ಒಂದು ಲಗ್ನಪತ್ರಿಕೆ ಜೋಡಿಸಿದೆ.

ಅದಾದ ಮ್ಯಾಲೆ ಪ್ರೆಸ್ಸು ಹಲವು ವರ್ಷ ನಡೀತು. ಶನಿವಾರ ಮಂಡಕ್ಕಿ ನಡೀತು. ಒಳ್ಳೊಳ್ಳೇ ಪುಸ್ತಕ ಬಂದ್ವು. ನಾನೇ ಓದ್ತಿದ್ದೆ, ಬ್ಯಾಡ ಅಂದ್ರೆ, "ನಿನ್ನಷ್ಟು ಚೆನ್ನಾಗಿ ಯಾರು ಓದ್ತಾರೆ?" ಅಂತಿದ್ರು. ಒಂದು ದಿನ ಬೈದಿದ್ರೆ ನಾನು ಬದುಕ್ಕೊಳ್ತಿದ್ದೆ. ಹಳೇ ಹಂಗೇ ತಮ್ಮಾ ಅಂತಿದ್ರು, ನನ್ನ ಸುಳ್ಳಿಗೆ ಹಳೇ ಹಂಗೇ ಕೈ ನಿಲ್ಲಿಸ್ತಿದ್ರು. ಆದ್ರೆ ಭಾನುವಾರ ಪ್ರೆಸ್ಸಿಗೆ ಬರೋದು ನಿಂತೋತು. ಸೋಮವಾರ ಗೂಡುಗಳು ತುಂಬಿ ತುಳುಕ್ತಿದ್ವು. ವಾರ ವಾರಾನೂ ಮೊದ್ಲು ನಾನು ಅದನ್ನೇ ನೋಡ್ತಿದ್ದೆ, ಒಂದು ಹಿಡಿನಾದ್ರೂ ಕಮ್ಮಿ ಆಗೈತಾ ಅಂತ.

ಆಮ್ಯಾಲೆ ಅವ್ರ ಕೈ ನಡುಗೋಕೆ ಶುರುವಾತು. ಮಷೀನು ಮಾರಿ ಹರಿಹರದಾಗೇ ಉಳ್ಕೊಂಡ್ರು. ನಾನು ಬ್ಯಾರೆ ಪ್ರೆಸ್ ಸೇರಿದೆ. ಒಂದು ಭಾನುವಾರ ಮಧ್ಯಾಹ್ನ ಹೋಗಿದ್ದೆ. ಹೊಳಿ ಕಡೆ ಮುಖ ಮಾಡಿದ ಕಟ್ಟೆ ಮ್ಯಾಲೆ ಕುಂತಿದ್ರು. "ಬಾರಪ್ಪ, ಕೂಡು. ಯಾರನ್ನ ಮಂಗ ಮಾಡಿ ಬಂದಿ ಇವತ್ತು?" ಅಂದ್ರು.

ಅಷ್ಟು ವರ್ಷ ನುಂಗಿದ್ದನ್ನ ಅವತ್ತು ಕಕ್ಕಿದೆ. "ಅವತ್ತು ನೆಟ್ಟಗೆ ಓದಿದ್ರೆ ಮಂಡಕ್ಕಿ ನಿಲ್ತಿತ್ತು ಯಜಮಾನ್ರೆ. ನಂಗೊತ್ತು. ನಿಲ್ಲಿಸೋ ತಾಕತ್ತು ನನ್ನ ದನಿಗಿತ್ತು."

"ಇತ್ತು," ಅಂದ್ರು.  "ಮೊದಲ್ನೇ ಸಾಲಿಗೇ ಗೊತ್ತಾತು ನಂಗೆ. ಎದ್ದು ನಿಲ್ಲಿಸಬಹುದಿತ್ತು. ನಿಲ್ತತೇನೋ, ಈ ಸಾಲಿಗೆ ನಿಲ್ತತೇನೋ ಅಂತ ಮೂರು ಪುಟನೂ ಕಾದೆ ಕಣಪ್ಪ. ಬರೆದೋರಿಗೆಲ್ಲ ಇದೇ ಆಸೆ ಇರ್ತತಲ್ಲ. ಅವತ್ತು ತಿಳೀತು."

ನಾನು ಅವ್ರ ಕಾಲು ಹಿಡಿದೆ. "ಈಗ ಹೇಳ್ರಿ. ಬಾಯಾಗೆ ಹೇಳ್ಕೊಂಡು ಹೋಗ್ರಿ, ನಾನು ಬರ್ಕೋತೀನಿ. ನಾನೇ ಜೋಡಿಸ್ತೀನಿ. ಒಂದಕ್ಷರ ತಪ್ಪಿದ್ರೆ ಕೈ ಕಡೀರಿ."

"ಬಾಯಿಗೆ ಗೊತ್ತಿಲ್ಲಪ್ಪ ಅದು, ಕೈಗೆ ಗೊತ್ತಿತ್ತು. ಕಾಗದದ ಮ್ಯಾಲೆ ಬರೆದು ನೋಡಿದ್ದೆ, ಪೆನ್ನು ಓಡ್ತತೆ, ಓಡೋವಾಗ ಸುಳ್ಳು ಸೇರ್ಕೊತತೆ. 'ಓದಿ ಹೇಳ್ದೆ' ಅಂತ ಬರೆದುಬಿಟ್ಟಿದ್ದೆ ಒಂದ್ಸಲ. ಮೊಳೆನಾಗೆ ಹಂಗಾಗಲ್ಲ. ಒಂದೊಂದೇ ಅಕ್ಷರ ಹುಡುಕಿ ತೆಗೀಬೇಕಲ್ಲ, ಅಷ್ಟು ಕಷ್ಟಪಟ್ಟು ಯಾರು ಸುಳ್ಳು ಹೇಳ್ತಾರೆ?" ನಡುಗೋ ಕೈ ಎತ್ತಿ ತೋರಿಸಿದ್ರು. "ಈಗ ಇದರಾಗೆ ಮೊಳೆ ನಿಲ್ಲಲ್ಲ. ಬಿಡು."

ಮುಂದಿನ ಚಳಿಗಾಲಕ್ಕೆ ಅವ್ರು ಹೋದ್ರು. ಬುಡೇನ್ ಸಾಬ್ರು ಅದಕ್ಕೂ ಮೊದ್ಲೇ ಹೋಗಿದ್ರು. ಆ ಪುಟಗಳನ್ನ ಓದಿದೋನು ಅಂತ ಭೂಮಿ ಮ್ಯಾಲೆ ಉಳಿದಿದ್ದು ನಾನೊಬ್ನೇ.

ದಾವಣಗೆರೆನಾಗೆ ಒಂದು ಶಾಲೆ ಸಭಾಂಗಣದಾಗೆ ಸಂತಾಪ ಸಭೆ ಇಟ್ಟಿದ್ರು. ಅವ್ರು ಅಚ್ಚು ಹಾಕಿದ ಕವಿಗಳು, ಕಾದಂಬರಿಕಾರ್ರು ಎಲ್ಲಾ ಬಂದಿದ್ರು. ಮಾತಾಡಿದೋರೆಲ್ಲ ಒಂದೇ ಹೇಳಿದ್ರು: ತಾನು ಒಂದಕ್ಷರ ಬರೀಲಿಲ್ಲ, ಬರೆದೋರನ್ನ ಬೆಳೆಸಿದ ಪುಣ್ಯಾತ್ಮ.  ಪದ್ಯದ ಮೇಷ್ಟ್ರೇ ಅಧ್ಯಕ್ಷರು. ಕೊನಿಗೆ ನನ್ನ ಕರೆದ್ರು. "ಬಾಳ ಅತ್ತಿದ್ದಾಯ್ತು, ಈಗ ನಮ್ಮ ಕಂಪೋಸಿಟರು ಪ್ರೆಸ್ಸಿನ ತಮಾಷಿ ಹೇಳ್ತಾರೆ" ಅಂದ್ರು.

ಎದ್ದು ನಿಂತೆ. ಯಾರಿಗೂ ಹೇಳಬ್ಯಾಡ ಅಂದಿದ್ದ ಸಾಬ್ರ ಮಾತು ಮುರಿದೆ. "ಯಜಮಾನ್ರು ಬರೀಲಿಲ್ಲ ಅಂದಿದ್ದು ಸುಳ್ಳು," ಅಂದೆ. "ಬರೆದಿದ್ರು. ಹನ್ನೊಂದು ಪುಟ. ನೀವೆಲ್ಲ ಬರೆದಿದ್ದನ್ನ ಒಟ್ಟಿಗೆ ತಕ್ಕಡಿಗೆ ಹಾಕಿದ್ರೂ ಅದರ ತೂಕ ಬರಲ್ಲ."

ಮುಂದಿನ ಸಾಲಿನಾಗೆ ಗುಮಾಸ್ತ್ರು ಆಗ್ಲೇ ನಗೋಕೆ ಶುರು ಮಾಡಿದ್ರು. "ಎಲ್ಲಿ ಅಚ್ಚಾಗಿತ್ತಪ್ಪಾ?" ಅಂದ್ರು.

"ಅಚ್ಚಾಗಲಿಲ್ಲ. ಸೀಸದಾಗೇ ಬರೆದಿದ್ರು. ಸೀಸದಾಗೇ ಬಿಚ್ಚಿದ್ರು."

ಇಡೀ ಸಭೆ ಗೊಳ್ ಅಂತು.

"ನಿಜ ಕಣ್ರಿ! ನಾನು ಓದೀನಿ! ನಿಮ್ಮ ಮುಂದೇನೇ ಓದಿದ್ದೆ, ನೀವು ನಕ್ರಿ!" ನನ್ನ ದನಿ ಒಡೀತು. ಅದೂ ಒಂದು ಪಾರ್ಟು ಅಂದ್ಕೊಂಡ್ರು. ಎಷ್ಟು ಗಂಟಲು ಹರ್ಕೊಂಡ್ರೆ ಅಷ್ಟು ನಗು. ಹಿಂದಿನ ಬೆಂಚಿನೋರು ಎದ್ದು ನಿಂತು ನೋಡ್ತಿದ್ರು. ಆಮ್ಯಾಲೆ ಚಪ್ಪಾಳೆ ಬಿತ್ತು. ಕಂಪನಿನಾಗೂ ನಂಗೆ ಅಷ್ಟು ಜೋರು ಚಪ್ಪಾಳೆ ಬಿದ್ದಿರಲಿಲ್ಲ.

ಮೇಷ್ಟ್ರು ಎದ್ದು ಬಂದು ನನ್ನ ತಬ್ಕೊಂಡ್ರು. ಅವ್ರ ಕಣ್ಣಾಗೆ ನಕ್ಕು ನಕ್ಕು ನೀರು.

"ಸಾವಿನ ಸಭೆನಾಗೂ ನಗಿಸಿಬಿಟ್ಯಲ್ಲೋ ಮಾರಾಯ," ಅಂದ್ರು. "ಯಜಮಾನ್ರು ಇದ್ದಿದ್ರೆ ಎಷ್ಟು ಖುಷಿ ಪಡ್ತಿದ್ರು."